ಬಿಸಿಗಾಳಿಯ ಮಾಲೀಕರ ಸನ್ನಿಧಾನಕ್ಕೆ

ಮಾನ್ಯರೇ,

ಕ್ರಿಪ್ಟೊ ನಾಣ್ಯಗಳ ಗಣಿಗಾರಿಕೆಯಲ್ಲಿ ಹೆಸರು ಮಾಡಿರುವ ಕಂಪನಿಯ ಒಪ್ಪಂದ ಪಾಲನಾ ವಿಭಾಗಕ್ಕೆ ಮುಖ್ಯಸ್ಥರಾದ ತಮಗೆ, ನಮ್ಮ ಲಾಂಡ್ರಿಯ ಪರವಾಗಿ, ಅದರ ಎರಡು ಒಗೆಯುವ ಮಷೀನುಗಳ ಪರವಾಗಿ, ಒಂದು ಕಾಲು ಕುಂಟುವ ಇಸ್ತ್ರಿ ಮೇಜಿನ ಪರವಾಗಿ ಅನಂತ ವಂದನೆಗಳು. ತಾವು ಕುಶಲವೆಂದು ನಂಬಿದ್ದೇನೆ. ನಮ್ಮ ಹಿಂದಿನ ಕೋಣೆಯಲ್ಲಿ ಬಿಡಾರ ಹೂಡಿರುವ ತಮ್ಮ ಮೂವತ್ತಾರು ಯಂತ್ರಗಳಂತೂ ಕುಶಲ. ಈಗಷ್ಟೇ ನೋಡಿಕೊಂಡು ಬಂದೆ.

ನಾನು ಯಾರೆಂದರೆ, ತಮ್ಮ ಒಪ್ಪಂದ ಪತ್ರ 'ಆತಿಥೇಯರು' ಎಂದು ಕರೆಯುವ, ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎಂದು ಕರೆಯುವ, ನನಗೆ ಸೋದರತ್ತೆಯಾದವರ ಅಣ್ಣನ ಮಗಳು. "ನೀನೇ ಬರಿ. ನಿಂಗೆ ದೊಡ್ಡ ದೊಡ್ಡ ಮಾತು ಬರುತ್ತೆ. ಆದ್ರೆ ಅವರನ್ನ ಕೆಣಕಬೇಡ" ಎಂದು ಅತ್ತೆ ಅಪ್ಪಣೆ ಕೊಟ್ಟಿರುವುದರಿಂದ, ಈ ಪತ್ರದಲ್ಲಿ ಎಲ್ಲಿಯೂ ಕೆಣಕಿಲ್ಲವೆಂದು ಮೊದಲೇ ಪ್ರಮಾಣ ಮಾಡುತ್ತೇನೆ. ಕೆಣಕಿದಂತೆ ಕಂಡರೆ ಅದು ತಮ್ಮ ಕನ್ನಡಕದ ದೋಷ. ಅದನ್ನು ದಯವಿಟ್ಟು ಒರೆಸಿಕೊಳ್ಳುವುದು.

ಕಳೆದ ವರ್ಷ ತಮ್ಮ ಕಡೆಯ ಇಬ್ಬರು ಯುವಕರು ಅಂಗಡಿಗೆ ಬಂದು, ಜಾಗ ನಿಮ್ಮದು, ಯಂತ್ರ ನಮ್ಮದು, ಕರೆಂಟಿನ ಬಿಲ್ಲು ನಮ್ಮದು, ತಿಂಗಳ ಬಾಡಿಗೆ ನಿಮ್ಮದು ಎಂದು ಸುಲಭವಾಗಿ ತಿಳಿಸಿದ್ದು ನೆನಪಿದೆ. "ಗಣಿ ಅಂತೀರಲ್ಲಪ್ಪಾ, ನೆಲ ಅಗೆಯಲ್ಲ ತಾನೆ? ಈಗಷ್ಟೇ ಟೈಲ್ಸ್ ಹಾಕಿಸಿದ್ದೀನಿ" ಎಂಬುದೊಂದೇ ಅತ್ತೆಯ ಆತಂಕವಾಗಿತ್ತು. ಇವು ಬರೀ ಲೆಕ್ಕ ಬಿಡಿಸುವ ಯಂತ್ರಗಳು, ಹಗಲೂ ರಾತ್ರಿ ಬಿಡಿಸಿ ಬಿಡಿಸಿ ನಾಣ್ಯ ಹುಟ್ಟಿಸುತ್ತವೆ ಎಂದು ಅವರು ವಿವರಿಸಿದರು. "ಯಾರ ಲೆಕ್ಕ?" ಎಂದು ಅತ್ತೆ ಕೇಳಿದ್ದಕ್ಕೆ "ಹಾಗೆ ಯಾರದ್ದೂ ಅಂತ ಇಲ್ಲಮ್ಮಾ" ಎಂದರು. ನಲವತ್ತೊಂದು ಪುಟಗಳ ಆತಿಥ್ಯ ಒಪ್ಪಂದವನ್ನು ಓದಿ ಸಹಿ ಮಾಡಿ ಎಂದರು. ಸಹಿ ಮಾಡುವ ಭಾಗವನ್ನು ಅತ್ತೆ ಅಲ್ಲೇ ಮುಗಿಸಿದರು. ಓದುವ ಭಾಗವನ್ನು ಬಹಳ ತಡವಾಗಿ ನಾನು ಮುಗಿಸಿದೆ.

ಅತಿಥಿಗಳು ಬಂದರು. ದಿನಕ್ಕೆರಡು ಸಲ ಅವರ ಕೋಣೆಯ ಧೂಳು ಹೊಡೆಯಬೇಕು, ಅವರೆದುರು ಒದ್ದೆ ಕೈಯಲ್ಲಿ ಸುಳಿಯಬಾರದು, ಅವರು ಉಸಿರು ಎಳೆದುಕೊಳ್ಳುವ ಕಿಟಕಿಗೆ ಏನನ್ನೂ ಅಡ್ಡ ಇಡಬಾರದು, ಬೆಕ್ಕು ಒಳಗೆ ಬರಕೂಡದು. ಇವೆಲ್ಲವನ್ನೂ ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಲಿಸಿದರು. ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಬದುಕಿದ್ದ ಕಾಲದಲ್ಲಿ ಇದರ ಕಾಲುಭಾಗ ಉಪಚಾರ ಕಂಡವರಲ್ಲ ಎಂದು ನಮ್ಮಪ್ಪ ಹೇಳುತ್ತಾರೆ.

ಆ ಯಂತ್ರಗಳು ಒಂದು ಕಡೆಯಿಂದ ತಣ್ಣನೆಯ ಗಾಳಿ ಕುಡಿದು ಇನ್ನೊಂದು ಕಡೆಯಿಂದ ಸುಡುವ ಗಾಳಿ ಉಗುಳುತ್ತವೆಂಬುದು ತಮಗೆ ತಿಳಿಯದ್ದಲ್ಲ. ಆ ಬಿಸಿಗಾಳಿ ತಾವೇ ಹಾಕಿಸಿದ ತಗಡಿನ ಕೊಳವೆಯಲ್ಲಿ ಹಾದು, ಕೋಣೆಯ ಹಿಂದಿರುವ ನಮ್ಮ ಕಿರಿದಾದ ಓಣಿಗೆ ಬಂದು, ಅಲ್ಲಿಂದ ಜಾಲರಿಯ ಮೂಲಕ ಆಕಾಶದ ಪಾಲಾಗುತ್ತಿತ್ತು. ಮೊದಲ ದಿನ ಅತ್ತೆ ಆ ಓಣಿಯ ಬಾಗಿಲು ತೆರೆದರು, ಅಂಗೈ ಒಡ್ಡಿ ನೋಡಿದರು, ಹೋಗಿ ಹಿಂಡಿಟ್ಟಿದ್ದ ಒಂದು ಹಾಸುಬಟ್ಟೆ ತಂದು ಹರವಿದರು. ಹನ್ನೆರಡು ನಿಮಿಷದಲ್ಲಿ ಒಣಗಿತು. ಸಂಜೆಯೊಳಗೆ ಓಣಿಯಲ್ಲಿ ನಾಲ್ಕು ನೈಲಾನ್ ಹಗ್ಗ ಕಟ್ಟಿಯಾಗಿತ್ತು.

ಇದರಲ್ಲಿ ಅಷ್ಟು ಸಂಭ್ರಮವೇನು ಎಂದು ತಮ್ಮಂಥ ಹವಾನಿಯಂತ್ರಿತರು ಕೇಳಬಹುದು. ನಮ್ಮ ಲಾಂಡ್ರಿಯ ಉಸಿರೆಂದರೆ ಪಕ್ಕದ ರಸ್ತೆಯ ನರ್ಸಿಂಗ್ ಹೋಮಿನ ಹಾಸುಬಟ್ಟೆಗಳು. ಬೆಳಿಗ್ಗೆ ಒಂದು ಗಂಟು ಬರುತ್ತದೆ, ಸಂಜೆ ನಾಲ್ಕಕ್ಕೆ ಒಣಗಿ, ಇಸ್ತ್ರಿಯಾಗಿ ಹೋಗಬೇಕು. ಮೊದಲು ಅವನ್ನು ಒಣಹಾಕಲು ಅತ್ತೆ ಒದ್ದೆ ಬಕೆಟ್ಟು ಹೊತ್ತು ನಲವತ್ತೆಂಟು ಮೆಟ್ಟಿಲು ಹತ್ತಿ ಮಹಡಿಗೆ ಹೋಗುತ್ತಿದ್ದರು. ಮೋಡ ಮುಸುಕಿದ ದಿನಗಳಲ್ಲಿ ಎರಡು ಸಲ ಬಟ್ಟೆ ಹಸಿಯಾಗಿಯೇ ಹೋಯಿತು. ಅಲ್ಲಿಯ ಹಿರಿಯ ನರ್ಸಮ್ಮ ಅಂಗಡಿಗೇ ಬಂದು, "ಅಕ್ಕಾ, ನಿಮ್ಮ ಕೆಲಸ ನಂಗಿಷ್ಟ. ಆದ್ರೆ ಇನ್ನೊಂದ್ಸಲ ಹಸಿ ಬಂದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಹೋದರು. ತಮ್ಮ ಬಿಸಿಗಾಳಿ ಬಂದ ಮೇಲೆ ಆ ಗಂಟು ಒಂದು ದಿನವೂ ತಡವಾಗಿರಲಿಲ್ಲ.

ಇಂಥ ಸುಖದ ದಿನಗಳಲ್ಲಿ ತಮ್ಮ ತಪಾಸಣಾಧಿಕಾರಿಗಳು ದಯಮಾಡಿಸಿದರು. ಯಂತ್ರಗಳ ಮೈ ಬಿಸಿ ಅಳೆಯುವ ಅವಸರದಲ್ಲಿ ಅತ್ತೆ ಕೊಟ್ಟ ಚಹಾವನ್ನು ಅಂಗಿಯ ಮೇಲೆ ಸುರಿದುಕೊಂಡರು. "ಬಿಚ್ಚಿ ಕೊಡಿ ಸಾರ್, ಕಲೆ ಕೂತ್ಕೊಂಡ್ರೆ ಆಮೇಲೆ ಹೋಗಲ್ಲ" ಎಂದು ಅತ್ತೆ ಇಸಿದುಕೊಂಡು, ಒಗೆದು, ಒಣಗಿಸಿ, ಇಸ್ತ್ರಿ ಹಾಕಿಸಿ, ಅಧಿಕಾರಿಗಳು ಬನಿಯನ್ನಿನಲ್ಲಿ ಎರಡನೆಯ ಲೋಟ ಚಹಾ ಮುಗಿಸುವುದರೊಳಗೆ ತಂದು ಮುಂದಿಟ್ಟರು. "ಅರೆ, ಇಷ್ಟು ಬೇಗ ಹೇಗಮ್ಮಾ ಒಣಗ್ತು?" ಎಂದು ಅವರು ಬೆರಗಾದರು. ಅತ್ತೆಗೆ ಹೊಗಳಿಕೆ ಸಿಗುವುದು ಅಪರೂಪ. "ಬನ್ನಿ ಸಾರ್ ತೋರಿಸ್ತೀನಿ" ಎಂದು ಓಣಿಗೆ ಕರೆದುಕೊಂಡು ಹೋದರು. ಅಧಿಕಾರಿಗಳು ಅದೇ ಅಂಗಿ ತೊಟ್ಟು ಅಲ್ಲಿಯೇ ನಿಂತು ಹನ್ನೊಂದು ಫೋಟೊ ತೆಗೆದುಕೊಂಡರು. ಚೆಂದ ಕಂಡಿದ್ದಕ್ಕೆ ತೆಗೆದರು ಎಂದೇ ಅತ್ತೆ ತಿಳಿದಿದ್ದರು.

ಐದನೆಯ ದಿನ ತಮ್ಮ ನೋಟಿಸು ಬಂತು. ಒಪ್ಪಂದದ ಒಂಬತ್ತನೆಯ ಕಲಮಿನಂತೆ ಯಂತ್ರಗಳಿಂದ ಉತ್ಪತ್ತಿಯಾಗುವ ಸಮಸ್ತವೂ, ಯಾವ ರೂಪದಲ್ಲಿದ್ದರೂ, ಕಂಪನಿಯ ಸ್ವತ್ತು, ಶಾಖವೂ ಉತ್ಪತ್ತಿಯೇ, ಆದ್ದರಿಂದ ಆತಿಥೇಯರು ಕಂಪನಿಯ ಶಾಖವನ್ನು ಅನುಮತಿಯಿಲ್ಲದೆ ಬಳಸಿಕೊಂಡಿದ್ದಾರೆ, ಇನ್ನು ಮುಂದೆ ಬಳಸುವುದಿಲ್ಲವೆಂದು ತಿಂಗಳೊಳಗೆ ಮುಚ್ಚಳಿಕೆ ಬರೆದುಕೊಡತಕ್ಕದ್ದು, ತಪ್ಪಿದರೆ ಓಣಿಗೆ ಕಬ್ಬಿಣದ ಶಟರ್ ಇಳಿಸಿ, ಒಪ್ಪಂದದಲ್ಲಿ ಉಳಿದ ಮೂರು ವರ್ಷವೂ ಬೀಗ ಹಾಕಲಾಗುವುದು. ಮುಚ್ಚಳಿಕೆ ಬರೆದರೂ ಓಣಿ ಹೋಯಿತು, ಬರೆಯದಿದ್ದರೂ ಹೋಯಿತು. ಓಣಿ ಹೋದರೆ ನರ್ಸಿಂಗ್ ಹೋಮಿನ ಗಂಟು ಹೋಗುತ್ತದೆ, ಗಂಟಿನ ಹಿಂದೆಯೇ ಲಾಂಡ್ರಿಯೂ ಹೋಗುತ್ತದೆ.

ಮಾನ್ಯರೇ, ತಮ್ಮ ದೂರದೃಷ್ಟಿಗೆ ನಾನು ಮಾರುಹೋಗಿದ್ದೇನೆ. ಸೂರ್ಯನು ಇಷ್ಟು ಕಾಲದಿಂದ ಊರೂರಿನ ಬಟ್ಟೆ ಒಣಗಿಸುತ್ತ ಬಂದಿದ್ದಾನೆ. ಒಬ್ಬರ ಹತ್ತಿರವಾದರೂ ಒಂದು ಮುಚ್ಚಳಿಕೆ ಬರೆಸಿಕೊಂಡಿದ್ದಾನೆಯೇ? ವ್ಯವಹಾರ ಜ್ಞಾನವಿಲ್ಲದವನು. ತಮ್ಮ ವಿಭಾಗದಲ್ಲಿ ಆರು ತಿಂಗಳು ಅವನನ್ನು ತರಬೇತಿಗೆ ಕೂರಿಸಿಕೊಂಡರೆ ಜಗತ್ತಿಗೆ ಮಹದುಪಕಾರವಾದೀತು.

ತಪ್ಪು ಒಪ್ಪಿಕೊಳ್ಳುವುದರಲ್ಲಿ ನಾವು ಹಿಂದೆ ಬೀಳುವವರಲ್ಲ. ತಮ್ಮ ಶಾಖವನ್ನು ಅನುಭವಿಸಿದ ಇತರ ಆರೋಪಿಗಳನ್ನೂ ಇಲ್ಲಿ ಒಪ್ಪಿಸುತ್ತಿದ್ದೇನೆ. ಪಕ್ಕದ ಸೆಲೂನಿನ ಮಾವ ನಮ್ಮಿಬ್ಬರ ನಡುವಿನ ಗೋಡೆಗೆ ಟವೆಲು ಆನಿಸಿ ಒಣಗಿಸುತ್ತಿದ್ದಾರೆ. ವಿಚಾರಿಸಿದ್ದಕ್ಕೆ "ಗೋಡೆ ತಾನಾಗೇ ಬಿಸಿಯಾದ್ರೆ ನಾನೇನಮ್ಮಾ ಮಾಡ್ಲಿ, ಊದ್ಲಾ?" ಎಂದು ಉದ್ಧಟತನದ ಉತ್ತರ ಕೊಟ್ಟಿದ್ದಾರೆ. ತಮ್ಮ ಕೋಣೆಗೆ ನಿಷೇಧಿತವಾಗಿರುವ ಬೆಕ್ಕು ಅದೇ ಗೋಡೆಯ ಬುಡದಲ್ಲಿ ನಾಲ್ಕು ಮರಿ ಹಾಕಿದೆ. ಆ ಮರಿಗಳಲ್ಲಿ ಕಂಪನಿಯ ಪಾಲೆಷ್ಟು ಎಂದು ತಿಳಿಸಿದರೆ ಬೇರೆ ಮಾಡಿ ಇಡುತ್ತೇವೆ. ಅತ್ತೆಯ ಬಲಗಾಲಿನ ಮಂಡಿನೋವು ಓಣಿಯಲ್ಲಿ ನಿಂತು ನಿಂತು ಅರ್ಧಕ್ಕಿಳಿದಿತ್ತು. ಆ ಅರ್ಧವನ್ನು ವಸೂಲಿ ಮಾಡಲು ತಾವು ಯಾರನ್ನು ಕಳಿಸುವಿರೋ ತಿಳಿಯದು, ಕೈ ಮೆತ್ತಗಿರುವವರಾದರೆ ಒಳಿತು. ಇನ್ನು ತಮ್ಮ ಅಧಿಕಾರಿಗಳ ಅಂಗಿ. ಅದು ನಸುನೀಲಿ ಬಣ್ಣದ್ದು, ಎಡ ಜೇಬಿನ ಮೇಲೆ ತಮ್ಮ ಕಂಪನಿಯ ಗುರುತಿದೆ, ಅದರ ತುಂಬಾ ತಮ್ಮದೇ ಶಾಖವಿದೆ. ಅವರನ್ನು ಕಂಡಲ್ಲಿ ತಡೆದು ಜಪ್ತಿ ಮಾಡಿಕೊಳ್ಳುವುದು.

ಹೀಗೆ ತಪ್ಪುಗಳ ಪಟ್ಟಿ ಮಾಡುತ್ತ, ಇನ್ನೇನಾದರೂ ಪಾಪ ಉಳಿದಿದೆಯೇ ಎಂದು ಒಪ್ಪಂದವನ್ನು ಪೂರ್ತಿ ಓದುವಾಗ ಇಪ್ಪತ್ತೆರಡನೆಯ ಕಲಮು ಕಣ್ಣಿಗೆ ಬಿತ್ತು. ಆತಿಥೇಯರ ಜಾಗದಲ್ಲಿ ಬಿಟ್ಟುಹೋದ ಕಂಪನಿಯ ಯಾವುದೇ ಸ್ವತ್ತನ್ನು, ಬರವಣಿಗೆಯಲ್ಲಿ ಸೂಚನೆ ಕೊಟ್ಟ ಏಳು ದಿನದೊಳಗೆ ಕಂಪನಿ ತೆಗೆದುಕೊಂಡು ಹೋಗತಕ್ಕದ್ದು, ಇಲ್ಲವಾದರೆ ಆತಿಥೇಯರು ತಮಗೆ ತೋಚಿದಂತೆ ವಿಲೇವಾರಿ ಮಾಡಬಹುದು. ಪ್ರಾಯಶಃ ಖಾಲಿ ರಟ್ಟಿನ ಡಬ್ಬಿ, ಹಳೆಯ ವಯರು ಇಂಥವುಗಳಿಗಾಗಿ ಬರೆದದ್ದು. ಆದರೆ ಶಾಖವೂ ಸ್ವತ್ತೇ ಎಂದು ಕಲಿಸಿದ ಗುರುಗಳು ತಾವು.

ಕೂಡಲೇ ಅತ್ತೆಯ ಹೆಸರಿನಲ್ಲಿ ತಮಗೆ ಸೂಚನಾಪತ್ರ ಕಳಿಸಿದೆವು. ತಮ್ಮ ಬಿಸಿಗಾಳಿ ನಮ್ಮ ಓಣಿಯಲ್ಲಿ ದಿನೇ ದಿನೇ ರಾಶಿ ಬೀಳುತ್ತಿದೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಮುಚ್ಚಳ ಬಿಗಿಯಾಗಿರುವ ಪಾತ್ರೆಗಳೊಂದಿಗೆ ಬಂದು ಸಾಗಿಸಿಕೊಳ್ಳಿ, ಹೊರುವುದಕ್ಕೆ ನಾವೂ ಕೈ ಕೊಡುತ್ತೇವೆ ಎಂದು ಬರೆದಿದ್ದೆವು. ತಲುಪಿದ್ದಕ್ಕೆ ತಮ್ಮ ಕಚೇರಿಯ ಮುದ್ರೆಯುಳ್ಳ ರಸೀದಿ ನಮ್ಮಲ್ಲಿದೆ.

ಆ ಏಳು ದಿನ ಅತ್ತೆ ಓಣಿಯ ಹಗ್ಗಕ್ಕೆ ಒಂದು ಕರವಸ್ತ್ರವನ್ನೂ ಹಾಕಲಿಲ್ಲ. "ಇನ್ನೊಬ್ಬರ ಸಾಮಾನು ಅಂತ ಅಂದ್ಮೇಲೆ ಮುಟ್ಟೋದು ಬೇಡ" ಎಂದು ಮತ್ತೆ ಬಕೆಟ್ಟು ಹೊತ್ತರು. ನಾನೂ ಹೊತ್ತೆ, ನಮ್ಮಲ್ಲಿ ಇಸ್ತ್ರಿ ಹಾಕುವ ಇಸ್ತ್ರಿಯಣ್ಣನೂ ಹೊತ್ತರು. ನಾಲ್ಕನೆಯ ದಿನ ಮೂವತ್ತನೆಯ ಮೆಟ್ಟಿಲಿನಲ್ಲಿ ಅತ್ತೆ ಬಕೆಟ್ಟು ಕೆಳಗಿಟ್ಟು ಕುಳಿತುಬಿಟ್ಟರು. "ಒಂದ್ನಿಮಿಷ ಇರು. ಮಂಡಿ ಮಾತು ಕೇಳ್ತಿಲ್ಲ" ಎಂದರು. ಆ ಸಂಜೆ ಗಂಟು ಹೋದದ್ದು ಐದೂವರೆಗೆ. ನರ್ಸಮ್ಮ ಬಾಗಿಲಲ್ಲೇ ನಿಂತಿದ್ದರು. ಒಂದೊಂದೇ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದರು. ಈ ಒಂದು ವಾಕ್ಯವೃಂದವನ್ನು ಮಾತ್ರ ತಾವು ನಗದೆ ಓದಬೇಕೆಂದು ಕೋರುತ್ತೇನೆ.

ತಮ್ಮ ಕಡೆಯಿಂದ ಯಾರೂ ಬರಲಿಲ್ಲ. ಒಂದು ಡ್ರಮ್ಮೂ ಬರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅತ್ತೆ, "ಅವರದ್ದೇ ಆಗಿದ್ರೆ ಬಂದು ತಗೊಂಡು ಹೋಗ್ತಿದ್ರು. ಕರೆದು ಕರೆದು ಹೇಳಿದ್ರೂ ಬರಲಿಲ್ಲ. ಇನ್ನು ನನ್ನ ಜಾಗದಲ್ಲಿರೋದು ನಂದು" ಎಂದು ತೀರ್ಪು ಕೊಟ್ಟು, ಓಣಿಯ ಬಾಗಿಲು ತೆರೆದು, ಸೆರಗು ಸಿಕ್ಕಿಸಿ ಮೂವತ್ತೊಂದು ಹಾಸುಬಟ್ಟೆಗಳ ಮೂಲಕ ತಮ್ಮ ಸ್ವತ್ತಿನ ವಿಲೇವಾರಿ ಆರಂಭಿಸಿದರು. ಮಧ್ಯಾಹ್ನ ಮೂರಕ್ಕೇ ಗಂಟು ಕಟ್ಟಿಯಾಗಿತ್ತು. ದಿನದಿನದ ಹೊಸ ಶಾಖಕ್ಕೂ ದಿನಾ ಒಂದು ಸೂಚನಾಪತ್ರ ಬರೆಯುವ ಕೆಲಸ ನನ್ನದು. ಮುಂದಿನ ಮೂರು ವರ್ಷಕ್ಕಾಗುವಷ್ಟು ಪ್ರತಿಗಳನ್ನು ಮುಂಗಡವಾಗಿಯೇ ಮಾಡಿಸಿ, ಅದೇ ದಿನ ತಮಗೆ ಕಳಿಸಿದ್ದೇನೆ.

ಶಟರ್ ತರುವ ಮನಸ್ಸಿದ್ದರೆ ಧಾರಾಳವಾಗಿ ತನ್ನಿ. ಅದೂ ತಮ್ಮ ಸ್ವತ್ತು, ಬಿಟ್ಟುಹೋಗುವುದು ನಮ್ಮ ಜಾಗದಲ್ಲಿ. ಏಳು ದಿನ ಜೋಪಾನವಾಗಿ ನೋಡಿಕೊಳ್ಳುತ್ತೇವೆ. ಎಂಟನೆಯ ದಿನಕ್ಕೆ ಇಸ್ತ್ರಿಯಣ್ಣ ಈಗಲೇ ಹಳೆ ಕಬ್ಬಿಣ ಕೊಳ್ಳುವವರನ್ನು ಮಾತಾಡಿಸಿಟ್ಟಿದ್ದಾರೆ.

ತಾವು ಕಳಿಸಿದ ಮುಚ್ಚಳಿಕೆಯ ನಮೂನೆಯನ್ನು ಇದರೊಂದಿಗೆ ಹಿಂತಿರುಗಿಸಿದ್ದೇನೆ. ಅಂಚೆಯಲ್ಲಿ ಮುದುರಿ ಬಂದಿತ್ತು. ನಮ್ಮ ಅಂಗಡಿಯಿಂದ ಯಾವುದೂ ಮುದುರಿ ಹೋಗಕೂಡದೆಂದು ಅತ್ತೆ ಅದಕ್ಕೆ ತಾವೇ ಹದವಾಗಿ ಇಸ್ತ್ರಿ ಹಾಕಿ, ನಾಲ್ಕು ಮಡಿಕೆ ಮಾಡಿ, ಮೂಲೆಗೆ ನಂಬರಿನ ಚೀಟಿ ಸಿಕ್ಕಿಸಿದ್ದಾರೆ. ಸಹಿಯ ಜಾಗ ಬಂದಾಗ ಎಷ್ಟು ಖಾಲಿಯಿತ್ತೋ ಈಗಲೂ ಅಷ್ಟೇ ಖಾಲಿಯಿದೆ, ಮತ್ತು ಬಹಳ ನಯವಾಗಿದೆ.

ತಮ್ಮ ಅತಿಥಿಗಳನ್ನು ಎಂದಿನಂತೆ ಧೂಳು ಹೊಡೆದು ನೋಡಿಕೊಳ್ಳುತ್ತೇವೆಂಬ ಭರವಸೆಯೊಂದಿಗೆ,

ಇಪ್ಪತ್ತೆರಡನೆಯ ಕಲಮಿಗೆ ಸದಾ ಬದ್ಧಳಾದ
ತಮ್ಮ ವಿಶ್ವಾಸಿ,
ಲಾಂಡ್ರಿ ಅಕ್ಕನ ಅಣ್ಣನ ಮಗಳು

ಮರೆತ ಮಾತು: ಯಂತ್ರಗಳು ಹೊರಡಿಸುವ ಗುಂಯ್ ಎಂಬ ಸದ್ದೂ ಒಂಬತ್ತನೆಯ ಕಲಮಿನ ಪ್ರಕಾರ ತಮ್ಮದೇ ಉತ್ಪತ್ತಿಯೆಂದು ಮೇಲಿನ ಮನೆಯ ನಿವೃತ್ತ ಟೈಪಿಸ್ಟರು ಪತ್ತೆ ಹಚ್ಚಿದ್ದಾರೆ. ಅದರ ಸೂಚನಾಪತ್ರವನ್ನು ಅವರೇ ಟೈಪು ಮಾಡಿ ಕೊಟ್ಟರು. ಇಂದಿಗೆ ಆರು ದಿನ. ತಾವು ಬಂದು ಒಯ್ಯದಿದ್ದರೆ ನಾಳಿದ್ದು ಬೆಳಿಗ್ಗೆ ಹತ್ತಕ್ಕೆ ವಿಲೇವಾರಿ ಶುರು. ಸದ್ದನ್ನೆಲ್ಲ ಫೋನಿನಲ್ಲಿ ತುಂಬಿಸಿಟ್ಟುಕೊಂಡಿದ್ದಾರೆ, ತಮ್ಮ ಮೇಜಿನ ದೂರವಾಣಿ ಸಂಖ್ಯೆ ನೋಟಿಸಿನಲ್ಲೇ ಇತ್ತಂತೆ.