ಗೊಟ್‌ಲೋಬನ ಮುನ್ನೂರನೆಯ ಹುಟ್ಟುಹಬ್ಬ

ಹಬ್ಬದ ದಿನ ಬೆಳಿಗ್ಗೆಯೇ ಚರ್ಚಿನ ಹಳೇ ಮರಣದ ಪುಸ್ತಕ ತೆರೆಯುವ ದುರ್ಬುದ್ಧಿ ಎಕಾರ್ಟ್‌ಗೆ ಯಾಕೆ ಬಂತೋ!

ಊರಿನ ಹಳೇ ದಾಖಲೆಗಳನ್ನು ಕಾಯುವವನು ಅವನೇ. ಊರಿನ ಹೆಮ್ಮೆಯ ಸಂಗೀತಗಾರ ಗೊಟ್‌ಲೋಬ್ ರೌಶೆಗೆ ಅಂದು ಮುನ್ನೂರು ತುಂಬುತ್ತಿತ್ತು. ಸಂಜೆ ಚರ್ಚಿನಲ್ಲಿ ಎಕಾರ್ಟನದೇ ಭಾಷಣ. ನಾಮಕರಣದ ಪುಸ್ತಕದಲ್ಲಿದ್ದ ತಾರೀಕನ್ನು ಪಂಡಿತರೆಲ್ಲ ಒಬ್ಬರನ್ನು ನೋಡಿ ಒಬ್ಬರು ಬರೆದುಕೊಂಡಿದ್ದರು. ಪಕ್ಕದಲ್ಲೇ ಇದ್ದ ಮರಣದ ಪುಸ್ತಕವನ್ನು ಮುಟ್ಟಿದವರಿಲ್ಲ. ಎಕಾರ್ಟ್ ಮುಟ್ಟಿದ. ಅದೇ ವರ್ಷದ ಅದೇ ವಾರದಲ್ಲಿ ಬರೆದಿತ್ತು: 'ಗೊಟ್‌ಲೋಬ್, ಶಾಲೆಯ ಮಾಸ್ತರ ರೌಶೆಯ ಮಗ, ವಯಸ್ಸು ನಾಲ್ಕು ದಿನ.'

ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಆಗಿನ ರೂಢಿ. ಅಂದರೆ ಸಂಗೀತಗಾರ ಈ ಸತ್ತ ಕೂಸಿನ ತಮ್ಮ, ಇವತ್ತು ಅವನ ಹುಟ್ಟುಹಬ್ಬವೇ ಅಲ್ಲ! ಎಕಾರ್ಟ್ ಮೇಯರಮ್ಮ ಹೈಡ್ರೂನ್ ಬಳಿ ಓಡಿದ.

"ರೀ, ಸಾಸೇಜು ಆಗ್ಲೇ ಕೆಂಡದ ಮೇಲಿದೆ! ಇಷ್ಟು ವರ್ಷ ಸುಮ್ನಿದ್ದ ಪುಸ್ತಕ, ನಿಮಗೇನ್ರೀ ಧಾಡಿ?"

"ಆಧಾರ ಇಲ್ದೆ ನಾನು ಒಂದು ಮಾತೂ ಆಡೋನಲ್ಲ, ಮೇಡಂ."

ಅಲ್ಲೇ ಇದ್ದ ಊರಿನ ಬ್ಯಾಂಡಿನ ಯಜಮಾನ ಸಮಾಧಾನ ಮಾಡಿದ: "ಅಪಸ್ವರ ಬಂದ್ರೂ ನಾವು ಕೊನೇವರೆಗೂ ನುಡಿಸಲ್ವೇನಪ್ಪಾ? ನೀನೂ ಹಂಗೇ ಮಾಡು."

ಎಕಾರ್ಟ್ ಕೇಳಲಿಲ್ಲ. ಆ ಕೂಸು ಸತ್ತ ಮೇಲೆ ಮಾಸ್ತರ ಪಕ್ಕದೂರು ಕಾಲ್ಟೆನ್‌ಬಾಖ್‌ಗೆ ವರ್ಗವಾಗಿದ್ದನಲ್ಲ, ಅಲ್ಲಿಗೇ ಫೋನು ಹಚ್ಚಿದ. ಅಲ್ಲಿನ ದಾಖಲೆಯಮ್ಮ ಕಿರುಚಿಯೇಬಿಟ್ಟಳು: "ಇದೆ! ಎರಡು ವರ್ಷ ಆದ್ಮೇಲೆ, ನಮ್ಮ ಚರ್ಚಲ್ಲೇ ನಾಮಕರಣ! ಇದ್ಯಾರೋ ಅದೇ ಹೆಸರಿನ ಬೇರೆಯವನು ಅಂದ್ಕೊಂಡಿದ್ವಿ. ಹಾಗಾದ್ರೆ ಗೊಟ್‌ಲೋಬ್ ನಮ್ಮೋನು! ನಿಮ್ಮ ಹೊಟ್ಟೆ ತಣ್ಣಗಿರಲಿ!"

ತಾರೀಕು ತಿದ್ದಲು ಹೋಗಿ ಎಕಾರ್ಟ್ ಸಂಗೀತಗಾರನನ್ನೇ ಕಳೆದು ಬಂದಿದ್ದ.

ಸಂಜೆ ತುಂಬಿದ ಚರ್ಚಿನಲ್ಲಿ ಎಲ್ಲವನ್ನೂ ಹೇಳಿದ. ಇನ್ನು ಈ ಊರಿನ ಋಣ ತೀರಿತು ಎಂದುಕೊಂಡ.

ಕೊನೆಗೆ ಬೇಕರಿಯ ಮುದುಕಿ ರೋಸ್‌ವಿಥಾ ಎದ್ದಳು. "ಆ ಸಂಗೀತಗಾರನ್ನ ಪಕ್ಕದೂರೋರೇ ಇಟ್ಕೊಳ್ಳಲಿ ಬಿಡೋ. ಆ ಕೂಸು ನಮ್ಮೂರ ಮಣ್ಣಲ್ಲೇ ಮಲಗಿದೆ. ಮುನ್ನೂರು ವರ್ಷದಿಂದ ಅದನ್ನ ಒಬ್ಬರೂ ನೆನೆಸಿಕೊಂಡಿಲ್ಲ, ಪಾಪ. ಅದರ ಬಗ್ಗೆ ಹೇಳು."

ಮೇಯರಮ್ಮನೂ ಕಣ್ಣೊರೆಸಿಕೊಂಡು, "ಹೇಳಿ, ಎಕಾರ್ಟ್" ಎಂದಳು.

ಆ ಕೂಸಿನ ಬಗ್ಗೆ ಜಗತ್ತಿನಲ್ಲಿದ್ದ ಆಧಾರ ಬರೀ ಎರಡು ಸಾಲು: ನಾಮಕರಣದ್ದೊಂದು, ಮರಣದ್ದೊಂದು. ಮುನ್ನೂರು ಜೊತೆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

"ಅವನು," ಎಂದು ಎಕಾರ್ಟ್ ಮೆಲ್ಲಗೆ ಶುರುಮಾಡಿದ, "ಅವ್ವ ಹಾಡಿದರೆ ಸಾಕು, ಅಳು ನಿಲ್ಲಿಸಿ ಕೇಳುತ್ತಿದ್ದ."

ಮುಂದಿನ ಸಾಲಿನಲ್ಲಿದ್ದ ಪತ್ರಿಕೆಯವನು ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡ.