ಕೇತಮ್ಮನ ಕಾಲೇಜಿಗೆ ಮಾವನ ತಯಾರಿ

ನಮ್ಮ ಸೋದರಮಾವನ ಸಹಾಯಕ್ಕೆ ಸಿಕ್ಕಿದವರು ಗುಂಡ್ಲುಪೇಟೆಯಲ್ಲಿ ಎರಡು ಬಗೆ: ಪಾರಾದವರು, ಇನ್ನೂ ಪಾರಾಗದವರು! "ಬೇಡ" ಎಂದವರಿಗಂತೂ ದೇವರೇ ಗತಿ. ಬೇಡ ಎನ್ನುವವರಿಗೇ ಸಹಾಯ ಹೆಚ್ಚು ಬೇಕು ಎಂಬುದು ಮಾವನ ಸಿದ್ಧಾಂತ.

ಐವತ್ತರ ದಶಕದ ಮಾತು. ಅರಣ್ಯ ಇಲಾಖೆಯ ಗುಮಾಸ್ತಿಕೆಯಿಂದ ಮಾವ ಆಗ ತಾನೇ ನಿವೃತ್ತರಾಗಿದ್ದರು. ಹಂಗಳದಾಚೆ ಕಾಡಿನೊಳಗೆ ಸೋಲಿಗರು ಪೋಡು ಎನ್ನುವ ಹಾಡಿಯ ಹುಡುಗಿ ಕೇತಮ್ಮ ಅವರ ಮನೆಯಲ್ಲೇ ಇದ್ದುಕೊಂಡು ಎಸ್ಸೆಲ್ಸಿ ಪಾಸು ಮಾಡಿದಳು. ಮುಂದೆ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್. ಪ್ರಿನ್ಸಿಪಾಲರು ಎದುರು ನಿಲ್ಲಿಸಿಕೊಂಡು ಪ್ರಶ್ನೆ ಕೇಳಿ ಸೀಟು ಕೊಡುತ್ತಾರಂತೆ. ಸಿಗದಿದ್ದರೆ ಪೋಡಿಗೆ ವಾಪಸು. ಅಲ್ಲಿಂದ ಇನ್ನೊಮ್ಮೆ ಹೊರಡುವುದು ಸುಲಭವಲ್ಲವೆಂದು ನಮಗೆಲ್ಲ ಗೊತ್ತಿತ್ತು. ಹಾಗಾಗಿ ಮಾವ ಅವಳನ್ನು ತಯಾರು ಮಾಡಲು ನಿಂತರು. ಯಾವುದಕ್ಕೆ ತಯಾರು? ಅದು ಅವರಿಗೂ ಸರಿಯಾಗಿ ತಿಳಿದಿರಲಿಲ್ಲ!

ಮೊದಲು ಮನೆಯೇ ಹಾಸ್ಟೆಲಾಯಿತು. ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದಾಗಲೇ ಊಟವೆಂದು ಯಾರೋ ಹೇಳಿದ್ದರು. ದೇವರ ಗಂಟೆ ಅಡುಗೆಮನೆಗೆ ಬಂತು. ಅತ್ತೆ ವಾರ್ಡನ್. ತಡವಾಗಿ ಬಂದವರಿಗೆ ಊಟವಿಲ್ಲ. ಮೊದಲ ದಿನವೇ ತಡವಾಗಿ ಬಂದವರು ಯಾರು? ಮಾವ!

"ಮುದ್ದೆ ಇಕ್ಕಮ್ಮಿ, ಒಟ್ಟೆ ಅಸೀತದೆ."

"ರೂಲ್ಸು ಮಾಡ್ದೋರು ನೀವೇ ಅಲ್ವಾ? ಓಗಿ ಮನೀಕಳಿ."

ಕೇತಮ್ಮ ಹಿತ್ತಿಲ ಬಾಗಿಲಿನಿಂದ ಗುಟ್ಟಾಗಿ ಮುದ್ದೆ ದಾಟಿಸಿದಳು. ಹಾಸ್ಟೆಲಿನಲ್ಲಿ ಮುಖ್ಯವಾಗಿ ಬೇಕಾದ ವಿದ್ಯೆ ಅದೇ ಎಂದು ಮುಂದೆ ಹಾಸ್ಟೆಲು ಸೇರಿದ ನನಗೆ ತಿಳಿಯಿತು.

ಆಮೇಲೆ ಜನಜಂಗುಳಿಯ ಅಭ್ಯಾಸ. ಮೈಸೂರಿನ ಜನ ಕಂಡು ಹುಡುಗಿ ಬೆದರಬಾರದೆಂದು ಅವಳನ್ನೂ, ಬೇಸಗೆ ರಜೆಗೆ ಬಂದಿದ್ದ ಪುಟ್ಟ ಹುಡುಗ ನನ್ನನ್ನೂ ಚಾಮರಾಜನಗರದ ಸಂತೆಗೆ ಕರೆದುಕೊಂಡು ಹೋದರು. "ನನ್ ಕೈ ಬುಡಬೇಡ ಕಣಮ್ಮಿ" ಎನ್ನುತ್ತಲೇ ತಾವೇ ತಪ್ಪಿಸಿಕೊಂಡರು! ನಾನು ಅಳುವ ಸ್ಥಿತಿಗೆ ಬಂದಿದ್ದೆ. ಕೇತಮ್ಮ ನೇರ ನಡೆದು ಒಂದು ಹೋಟೆಲಿನ ಬೆಂಚಿನಿಂದ ಮಾವನನ್ನು ಎಬ್ಬಿಸಿದಳು.

"ಎಜ್ಜೆ ಗುರ್ತು ಇಡ್ಕೊಂಡು ಬಂದ್ಯಾ ಮಗಾ? ಕಾಡಿನೋರು ಕಾಡಿನೋರೇ ಬುಡು!" ಎಂದು ಮಾವ ಬೆರಗಾದರು.

"ಇಲ್ಲ ಕಣಯ್ಯಾ. ಕಾಪಿ ಓಟ್ಲು ಬುಟ್ಟು ನೀವಿನ್ನೆಲ್ಲಿಗೆ ಓಗ್ತೀರಿ?"

ಕೊನೆಯದು ಪ್ರಿನ್ಸಿಪಾಲರ ಪ್ರಶ್ನೆಗಳು. ಮಾವ ನಡುಬೇಸಗೆಯಲ್ಲಿ ಕರಿಕೋಟು ತೊಟ್ಟು ಜಗಲಿಯ ಮೇಲೆ ಬೆವರುತ್ತ ಕೂರುವರು. ಲೆಕ್ಕ, ಚರಿತ್ರೆ, ಇಂಗ್ಲಿಷು ಏನು ಕೇಳಿದರೂ ಕೇತಮ್ಮ ಪಟಪಟನೆ ಉತ್ತರಿಸುವಳು. "ಯಾತಕ್ಕಮ್ಮಿ ನೀನು ಓದ್ಬೇಕು?" ಎಂದರೆ ಮಾತ್ರ ಬಾಯಿಗೆ ಬೀಗ! ಮಾವ ಉತ್ತರ ಹೇಳಿಕೊಟ್ಟರು: ದೇಶಸೇವೆ. ಮರುದಿನ ಅದು ಸಾಲದೆನಿಸಿ, ಕುಲೋದ್ಧಾರ. ಅವಳು ಒಂದನ್ನೂ ಒಪ್ಪಿಸಲಿಲ್ಲ.

"ಅವ್ಳಿಗೆ ಓಗಕ್ಕೆ ಇಷ್ಟ ಅದೋ ಇಲ್ವೋ, ಅದ್ನ ಕೇಳುದ್ರಾ?" ಎಂದರು ಅತ್ತೆ.

ಮಾವ ಕೇಳಿದರು. "ಬಾಳ ಇಷ್ಟ ಅದೆ ಅಯ್ಯಾ" ಎಂದಳು ಕೇತಮ್ಮ.

"ಮತ್ತೆ, ಯಾತಕ್ಕೆ?"

ಕೇತಮ್ಮ ಕೊಡ ಎತ್ತಿಕೊಂಡು ನೀರಿಗೆ ಹೊರಟಳು. ಇಷ್ಟವಂತೆ, ಕಾರಣ ಮಾತ್ರ ಹೇಳಳಂತೆ! ಇದೆಂಥ ಇಷ್ಟ? ಮನೆಮಂದಿಗೆಲ್ಲ ತಲೆಕೆಟ್ಟು ಹೋಯಿತು. ಮೈಸೂರಿನ ಬಸ್ಸು ಹತ್ತುವಾಗಲೂ ಮಾವ "ದೇಶಸೇವೆ, ದೇಶಸೇವೆ" ಎಂದು ಅವಳ ಕಿವಿಯಲ್ಲಿ ಉಸುರುತ್ತಿದ್ದರು.

ಅಲ್ಲಿ ಪ್ರಿನ್ಸಿಪಾಲಮ್ಮ ಕೇಳಬೇಕೇ, ಅದೇ ಪ್ರಶ್ನೆಯನ್ನು! ಬಾಗಿಲಾಚೆ ನಿಂತ ಮಾವ ನನ್ನ ಕೈಯನ್ನು ಹಿಂಡಿಯೇಬಿಟ್ಟರು. ಒಳಗಿನಿಂದ ಕೇತಮ್ಮನ ದನಿ ಕೇಳಿತು.

"ಗೊತ್ತಿಲ್ಲ ಅಮ್ಮಾವ್ರೇ. ಓದಿದ್ಮೇಲೆ ಗೊತ್ತಾಯ್ತದೇನೋ ಅಂತ ಬಂದಿವ್ನಿ."

"ಮುಗೀತು!" ಎಂದು ಮಾವ ಗೋಡೆಗೊರಗಿದರು. ಒಳಗೆ ಪ್ರಿನ್ಸಿಪಾಲಮ್ಮ ನಕ್ಕದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೇತಮ್ಮ ಹೊರಬಂದು, "ಸೀಟು ಕೊಟ್ರು ಅಯ್ಯಾ" ಎಂದಳು.

ಅವಳನ್ನು ಹಾಸ್ಟೆಲಿಗೆ ಬಿಟ್ಟು ನಾವಿಬ್ಬರೂ ಬಸ್ಸು ಹತ್ತಿದೆವು. ನಂಜನಗೂಡು ದಾಟಿದರೂ ಮಾವ ಟಿಕೀಟನ್ನು ಮಡಿಸುತ್ತ ಬಿಚ್ಚುತ್ತ ಕಿಟಕಿಯಾಚೆ ನೋಡುತ್ತಿದ್ದರು.

"ಸೀಟು ಸಿಕ್ತಲ್ಲ ಮಾವ, ಇನ್ನೇನು ಯೋಚ್ನೆ?"

"ಎಸ್ಸೆಲ್ಸಿ ಆದ್ಮೇಲೆ ನಾನೂ ಓಗಿದ್ದೆ ಕಣ್ಲಾ, ಮೈಸೂರು ಕಾಲೇಜ್ಗೆ. ನಮ್ಮಪ್ಪ ಬುತ್ತಿ ಕಟ್ಕೊಂಡು ಜೊತೇಲಿ ಬಂದಿದ್ದ. ಯಾತಕ್ಕೆ ಓದ್ಬೇಕು ಅಂತ ಕೇಳುದ್ರು. ನಂಗೆ ಗೊತ್ತಿರ್ನಿಲ್ಲ. ಸುಮ್ನೆ ಎದ್ದು ಬಂದ್ಬುಟ್ಟೆ."

ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಗೊತ್ತಿಲ್ಲ ಅಂದ್ರೂ ಸೇರುಸ್ಕತಾರೆ ಅಂತ ನಂಗ್ಯಾರೂ ಯೋಳ್ನಿಲ್ಲ ಕಣ್ಲಾ."