ಅವ್ವನಿಂದ ಮುಚ್ಚಿಟ್ಟ ಜರ್ಮನಿ

ಮನೆಯ ಹಿರಿಯರಿಗೆ ಎಲ್ಲವನ್ನೂ ಹೇಳಬಾರದು, ಹೇಳಿದರೆ ಸುಮ್ಮನೆ ಚಿಂತೆ ಮಾಡುತ್ತಾರೆ ಎಂಬುದು ಬಹಳ ಕಾಲ ನನ್ನ ನಂಬಿಕೆಯಾಗಿತ್ತು. ಅದನ್ನು ನಾನು ಮಾತೃಭಕ್ತಿ ಎಂದೇ ತಿಳಿದಿದ್ದೆ. ನನಗೆ ಸಕ್ಕರೆ ಕಾಯಿಲೆ ಇರುವುದು ನಮ್ಮವ್ವನಿಗೆ ಗೊತ್ತಿಲ್ಲ. ಸ್ಕೂಟರಿನಿಂದ ಬಿದ್ದದ್ದೂ ಗೊತ್ತಿಲ್ಲ. ಕುಂಟುವುದಕ್ಕೆ ಹೊಸ ಚಪ್ಪಲಿ ಕಾರಣವೆಂದಿದ್ದೆ. ಹೀಗಾಗಿ ಮಗಳು ವೀಣಾ ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಆಯ್ಕೆಯಾದಾಗ, ವೀಸಾ ಕೈಗೆ ಬರುವವರೆಗೆ ಅವ್ವನ ಕಿವಿಗೆ ಹಾಕಕೂಡದೆಂದು ಮನೆಯಲ್ಲಿ ಅಪ್ಪಣೆ ಹೊರಡಿಸಿದೆ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಪೊಲೀಸ್ ವಿಚಾರಣೆಗೆ ಕಾಯುತ್ತಿದ್ದಾಗಲೇ ಅವ್ವ ನಮ್ಮೂರು ಕುರುಗೋಡಿನಿಂದ ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ಬಂದಳು. ವೀಣಾ ಹುಟ್ಟಿದ್ದು ನನ್ನ ಹೆಂಡತಿಯ ತವರು ಸಿರುಗುಪ್ಪದಲ್ಲಿ. ವೀಸಾಕ್ಕೆಂದು ಅವಳ ಜನನ ಪ್ರಮಾಣಪತ್ರ ತರಲು ನಾವಿಬ್ಬರೂ ಅಲ್ಲಿಗೆ ಹೋದ ದಿನವೇ, ವೀಣಾ ಕಾಲೇಜಿನಲ್ಲಿದ್ದಾಗ, ಮಫ್ತಿಯಲ್ಲಿ ಪೊಲೀಸರೊಬ್ಬರು ಬಂದರು. ಮೊದಲೇ ನನಗೆ ಫೋನ್ ಮಾಡಿದ್ದರಂತೆ. ಸಿರುಗುಪ್ಪದ ಕಚೇರಿಯಲ್ಲಿ ಸಭ್ಯನೆನಿಸಿಕೊಳ್ಳಲು ನಾನು ಫೋನಿನ ಬಾಯಿ ಮುಚ್ಚಿಸಿದ್ದೆ.

ಹುಡುಗಿಯ ಹೆಸರು ಹಿಡಿದು ವಿಚಾರಿಸುವ ಗಂಡಸು ವರನ ಕಡೆಯವನೇ ಎಂದು ಅವ್ವ ತೀರ್ಮಾನಿಸಿದಳು. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ ಕೊಟ್ಟು ಉಪಚರಿಸಿದ್ದನ್ನು ಸಂಜೆ ನಮಗೆ ಹೆಮ್ಮೆಯಿಂದ ವರ್ಣಿಸಿದಳು.

“ಹುಡುಗಿ ಇಲ್ಲೇ ಇರ್ತಾಳೇನು ಅಂತ ಕೇಳಿದ. ಇಲ್ಲಪ್ಪಾ, ಕುರುಗೋಡಿನಾಗ ನನ್ನ ಕೈಯಾಗ ಬೆಳದಾಕಿ, ಇಲ್ಲಿಗೆ ಹಬ್ಬಕ್ಕ ಬಂದು ಹೋಗ್ತಾಳ ಅಂದೆ. ಪ್ಯಾಟಿ ಹುಡುಗಿ ಅಂದ್ರ ಅವರು ಹಿಂದ ಸರಿಯಂಗಿಲ್ಲೇನು?”

ನನ್ನ ಹೆಂಡತಿ ಚೀಲದಿಂದ ತೆಗೆಯುತ್ತಿದ್ದ ಜನನ ಪ್ರಮಾಣಪತ್ರವನ್ನು ಮತ್ತೆ ಒಳಗೆ ಹಾಕಿದಳು.

“ಫಾರಿನ್ನಿಗೆ ಹೋಗ್ತಾಳಂತಲ್ಲ ಅಂದ. ಯಾರೋ ನಮಗ ಆಗದವರು ಹೇಳಿರಬೇಕು, ಅಂಥಾಕಿ ಅಲ್ಲ ಅಂದೆ.”

“ಅವ್ವಾ, ತಾನು ಯಾರು ಅಂತ ಹೇಳಲಿಲ್ಲೇನು?” ಎಂದು ಕೇಳಿದೆ.

“ಟೇಶನ್ನಿನಿಂದ ಬಂದೀನಿ ಅಂದ. ರೈಲು ಇಳಿದು ಬಿಸಿಲಾಗ ಬಂದಾನಂತ ಮೊದಲು ನೀರು ಕೊಟ್ಟೆ.”

ಮರುದಿನವೇ ಠಾಣೆಗೆ ಓಡಿದೆ. ಆ ವಿಳಾಸದಲ್ಲಿ ಅರ್ಜಿದಾರರು ವಾಸವಿಲ್ಲ ಎಂಬ ವರದಿ ಆಗಲೇ ಹೋಗಿಬಿಟ್ಟಿತ್ತು. ಪಾಪ, ಅವರದೇನೂ ತಪ್ಪಿಲ್ಲ. ಮನೆಯ ಹಿರಿಯರೇ ಆಡಿದ ಮಾತನ್ನು ಬರೆದಿದ್ದರು. ವಿವರಣೆ ಕೊಟ್ಟು, ಮತ್ತೆ ವಿಚಾರಣೆ ಮಾಡಿಸಿ, ಪಾಸ್‌ಪೋರ್ಟ್ ಬರುವಷ್ಟರಲ್ಲಿ ವೀಸಾ ಸಂದರ್ಶನದ ದಿನ ದಾಟಿತ್ತು. ಜರ್ಮನಿಯಲ್ಲಿ ಪಾಠಗಳೂ ಶುರುವಾದವು. ವೀಣಾ ಅಳಲಿಲ್ಲ. ಅಲ್ಲಿನ ಚಳಿಗೆಂದು ಕೊಂಡಿದ್ದ ದಪ್ಪ ಸ್ವೆಟರನ್ನು ಮಡಚಿ ಕಪಾಟಿನ ಮೇಲಿಟ್ಟಳು. ಬಳ್ಳಾರಿಯಲ್ಲಿ ಅದಕ್ಕೇನು ಕೆಲಸ? ಅವಳು ಅತ್ತಿದ್ದರೆ ಸಮಾಧಾನ ಹೇಳಿಯಾದರೂ ನಾನು ಹಗುರಾಗುತ್ತಿದ್ದೆ.

ಆಗಲೂ ಅವ್ವನಿಗೆ ನಾನು ಹೇಳಲಿಲ್ಲ. ಮುಂದಿನ ಸಲ ಬಂದಾಗ ಆಕೆಯೇ ಕೇಳಿದಳು: “ಆ ವರನ ಕಡೆಯವರು ಏನೂ ತಿಳಿಸಲಿಲ್ಲಲ್ಲ?” ಜಾತಕ ಕೂಡಲಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ವೀಣಾ ಅಜ್ಜಿಯ ಪಕ್ಕ ಕುಳಿತು, ಮೆಲ್ಲಗೆ ಎಲ್ಲವನ್ನೂ ಹೇಳಿಬಿಟ್ಟಳು.

ಅವ್ವ ಮೊಮ್ಮಗಳ ಕೈ ಹಿಡಿದುಕೊಂಡಳು.

“ನಮ್ಮಪ್ಪ ನನ್ನ ಸಾಲಿ ಬಿಡಿಸಿದಾಗ ಎಷ್ಟು ಅತ್ತೀನಿ ಅಂಬೋದು ನನಗೊಬ್ಬಾಕಿಗೇ ಗೊತ್ತೈತಿ. ಓದಾಕ ಹೋಗಾಕಿನ್ನ ನಾನು ಬ್ಯಾಡ ಅಂತಿದ್ನೇನವ್ವಾ? ನನಗೊಂದು ಮಾತು ಹೇಳಿದ್ರ, ಆತಗ ಇನ್ನೆರಡು ಮಿರ್ಚಿ ಹಾಕಿ ಖರೇನೇ ಹೇಳ್ತಿದ್ದೆ.”

“ನೀನು ಚಿಂತಿ ಮಾಡ್ತೀಯಂತ ಹೇಳಲಿಲ್ಲವ್ವಾ,” ಎಂದೆ ನಾನು.

“ಈಗ ಮಾಡಾಕ ಹತ್ತೀನಲ್ಲ,” ಎಂದಳು.

ಯಾರ ಬಗ್ಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಕೆ ನೋಡುತ್ತಿದ್ದದ್ದು ಮಾತ್ರ ನನ್ನನ್ನೇ.